ಸಹಾಯ ಬೇಕು: ಅಕ್ಕನಿಗೆ ಆಟಿಸಂ, ತಮ್ಮನನ್ನೂ ಈಗಲೇ ತೋರಿಸಬೇಕಾ?

ಎಲ್ಲರಿಗೂ ನಮಸ್ಕಾರ. ದೊಡ್ಡ ಮಗಳಿಗೆ ಆಟಿಸಂ ಇದೆ. ಚಿಕ್ಕವನಿಗೆ ಈಗ 14 ತಿಂಗಳು. ಮಿಕ್ಸಿ ಸದ್ದಾದರೆ ಅಡುಗೆಮನೆಗೆ ಓಡಿ ಬರ್ತಾನೆ, ಹೆಸರು ಹಿಡಿದು ಕರೆದರೆ ತಿರುಗೋದೇ ಅಪರೂಪ. ಬೇಕಾದ್ದನ್ನು ಬೆರಳು ಮಾಡಿ ತೋರಿಸಲ್ಲ, ನನ್ನ ಕೈ ಹಿಡಿದು ಎಳೀತಾನೆ.

ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದರೆ ನಂತರ ಹುಟ್ಟಿದವರಲ್ಲಿ ಸುಮಾರು ಶೇ. 20ರಷ್ಟು ಮಕ್ಕಳಲ್ಲಿ ಕಾಣಿಸುತ್ತೆ ಅಂತ 2024ರ ಅಧ್ಯಯನ ಹೇಳುತ್ತೆ. ದೊಡ್ಡದು ಹೆಣ್ಣಾಗಿದ್ದರೆ ಅಥವಾ ಚಿಕ್ಕದು ಗಂಡಾಗಿದ್ದರೆ ಇನ್ನೂ ಹೆಚ್ಚಂತೆ. ನಮ್ಮಲ್ಲಿ ಎರಡೂ ಇದೆ.

ಅತ್ತೆ ‘ಗಂಡು ಹುಡುಗರು ಮಾತು ತಡ, ಗಾಬರಿ ಬೇಡ’ ಅಂತಾರೆ. ನನಗೆ ಕಾಯೋಕೆ ಮನಸ್ಸಿಲ್ಲ. ಎರಡನೇ ಮಗುವನ್ನು ಇಷ್ಟು ಚಿಕ್ಕ ವಯಸ್ಸಿಗೇ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ನಿಮ್ಹಾನ್ಸ್‌ನಲ್ಲೋ ತೋರಿಸಿದವರು ಇದ್ದೀರಾ? ಕಿವಿ ಪರೀಕ್ಷೆ ಮೊದಲು ಮಾಡಿಸಬೇಕಾ? ಮನೆಯಲ್ಲಿ ಏನು ಶುರು ಮಾಡಿದ್ರಿ? ದಯವಿಟ್ಟು ತಿಳಿಸಿ.