ಆಂಪ್ಲಿಟ್ಯೂಡ್ ಮೈನಸ್ ಆಗಬಹುದಾ ಸರ್?

ಪ್ರಶ್ನೆ: ಸರ್, ನಾನು ಫಸ್ಟ್ ಪಿಯುಸಿ ಓದುತ್ತಿದ್ದೇನೆ. ಟೆಸ್ಟಿನಲ್ಲಿ ‘ವೈ = −3 ಸೈನ್ 2ಎಕ್ಸ್’ ಗ್ರಾಫ್ ಬರೆಯಲು ಕೊಟ್ಟಿದ್ದರು. ಆಂಪ್ಲಿಟ್ಯೂಡ್ −3, ಪೀರಿಯಡ್ 4ಪೈ ಅಂತ ಬರೆದೆ. ಎರಡಕ್ಕೂ ಸೊನ್ನೆ ಬಂತು. ಸೈನ್‌ನ ಪೀರಿಯಡ್ 2ಪೈ. ಅದನ್ನು 2ರಿಂದ ಗುಣಿಸಿದರೆ 4ಪೈ ತಾನೇ?

ಉತ್ತರ (ಗಣಿತ ಉಪನ್ಯಾಸಕರು): ಗುಣಿಸಬೇಡಮ್ಮ, ಭಾಗಿಸು. ಸೈನ್ ಒಳಗಿರುವ ಕೋನ 0ಯಿಂದ 2ಪೈವರೆಗೆ ಹೋದರೆ ಅಲೆಯ ಒಂದು ಸುತ್ತು ಮುಗಿಯುತ್ತದೆ. ಇಲ್ಲಿ ಒಳಗಿರುವುದು 2ಎಕ್ಸ್. ಎಕ್ಸ್ ಪೈ ಮುಟ್ಟುವಷ್ಟರಲ್ಲಿ 2ಎಕ್ಸ್ ಆಗಲೇ 2ಪೈ ಮುಟ್ಟಿರುತ್ತದೆ. ಸುತ್ತು ಬೇಗ ಮುಗಿಯಿತು, ಅಲ್ವಾ? ಹಾಗಾಗಿ ಪೀರಿಯಡ್, ಅಂದರೆ ಒಂದು ಸುತ್ತಿಗೆ ಎಕ್ಸ್ ಸಾಗುವ ದೂರ, ಬರೀ ಪೈ. ಈ ತಪ್ಪು ಪ್ರತಿ ವರ್ಷ ಅರ್ಧ ಕ್ಲಾಸ್ ಮಾಡುತ್ತದೆ, ಬೇಜಾರು ಬೇಡ.

ಆಂಪ್ಲಿಟ್ಯೂಡ್ ಅಂದರೆ ನಡುಗೆರೆಯಿಂದ ಅಲೆ ಹೆಚ್ಚೆಂದರೆ ಎಷ್ಟು ದೂರ ಹೋಗುತ್ತದೆ ಅನ್ನುವುದು. ದೂರ ಮೈನಸ್ ಆಗುವುದಿಲ್ಲ, ಆದ್ದರಿಂದ 3. ಹಾಗಂತ ಮೈನಸ್ ಸುಮ್ನೆ ಕೂತಿಲ್ಲ, ಅಲೆಯನ್ನು ತಲೆಕೆಳಗು ಮಾಡುತ್ತದೆ. ಮೊದಲು ಕೆಳಗಿಳಿದು ಆಮೇಲೆ ಮೇಲೇರುತ್ತದೆ.

ಗ್ರಾಫಿಗೆ ಪೀರಿಯಡನ್ನು ನಾಲ್ಕು ಸಮಭಾಗ ಮಾಡಿಕೋ: 0, ಪೈ/4, ಪೈ/2, 3ಪೈ/4, ಪೈ. ಅಲ್ಲಿ ವೈ ಬೆಲೆ ಕ್ರಮವಾಗಿ 0, −3, 0, 3, 0. ಐದು ಚುಕ್ಕಿ ಸಾಕು. ಆದರೆ ಸ್ಕೇಲ್ ಇಟ್ಟು ಸೇರಿಸಬೇಡ, ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ತುದಿಗಳು ದುಂಡಗಿರಲಿ.

ಇನ್ನೊಬ್ಬ ಸದಸ್ಯರು: ಸರ್, ನಾನು ವೈರಿಂಗ್ ಕೆಲಸ ಮಾಡುತ್ತೇನೆ. ಮನೆ ಕರೆಂಟೂ ಸೈನ್ ಅಲೆಯೇ ಅಂತಾರೆ. ಹಾಗಾದರೆ ಅದರ ಆಂಪ್ಲಿಟ್ಯೂಡ್ 230 ವೋಲ್ಟ್ ಅಲ್ವಾ?

ಉತ್ತರ: ಅಲ್ಲ, ಸುಮಾರು 325. ನಿಮ್ಮ ಮೀಟರ್ ತೋರಿಸುವ 230 ಆರ್‌ಎಂಎಸ್ ಬೆಲೆ. ಅಂದರೆ ಏರಿಳಿಯುವ ವೋಲ್ಟೇಜಿನ ಒಂದು ಬಗೆಯ ಸರಾಸರಿ. ಅದನ್ನು 1.414ರಿಂದ ಗುಣಿಸಿದರೆ ಅಲೆಯ ನಿಜವಾದ ತುದಿ ಸಿಗುತ್ತದೆ. ಸಮೀಕರಣ ಹೀಗೆ: ವಿ = 325 ಸೈನ್ 100ಪೈ‌ ಟಿ. ಇಲ್ಲಿ ವಿ ಅಂದರೆ ವೋಲ್ಟೇಜ್, ಟಿ ಅಂದರೆ ಸೆಕೆಂಡಿನಲ್ಲಿ ಸಮಯ. 2ಪೈಯನ್ನು 100ಪೈಯಿಂದ ಭಾಗಿಸಿ, 0.02 ಬರುತ್ತದೆ. ಅಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್, ಸೆಕೆಂಡಿಗೆ 50 ಸುತ್ತು. ನೀವು ದಿನಾ ಹೇಳುವ 50 ಹರ್ಟ್ಜ್ ಇದೇ.

ಮೊದಲ ಪ್ರಶ್ನೆ ಕೇಳಿದವರು: ಸರ್, ‘ವೈ = 5 ಸೈನ್ ಎಕ್ಸ್/2’ ಇದ್ದರೆ 2ಪೈಯನ್ನು ಅರ್ಧದಿಂದ ಭಾಗಿಸಬೇಕು. ಆಂಪ್ಲಿಟ್ಯೂಡ್ 5, ಪೀರಿಯಡ್ 4ಪೈ. ಸರಿನಾ?

ಉತ್ತರ: ಸರಿ! ನಿನ್ನ 4ಪೈಗೂ ಒಂದು ಜಾಗ ಸಿಕ್ಕಿತು ನೋಡು.