1943ರ ಮಿಲಿಟರಿ ಜೀಪು: ಬ್ರೇಕ್ ಪೂರ್ತಿ ಬದಲಿಸಿದ ಮೇಲೆ ನಾಲ್ಕೂ ಚಕ್ರ ಜಾಮ್ ಆಗುತ್ತಿದೆ

ಪ್ರಶ್ನೆ (ಮಣಿಪಾಲದಿಂದ)

ಮಾನ್ಯರೆ, ನನ್ನಲ್ಲಿರುವುದು 1943ರ ವಿಲ್ಲೀಸ್ ಎಂಬಿ ಜೀಪು. ಕಾರ್ಕಳದ ಕಡೆ ಮಾವನವರ ಮನೆಯ ಹಟ್ಟಿಯ ಪಕ್ಕ ಹತ್ತಾರು ವರ್ಷ ನಿಂತಿದ್ದ ಗಾಡಿಯನ್ನು ಮನೆಗೆ ತಂದು, ಕಳೆದ ಮೂರು ವಾರಗಳಲ್ಲಿ ಅಂಗಳದಲ್ಲಿಯೇ ಅದರ ಬ್ರೇಕ್ ಕೆಲಸವನ್ನು ಮಾಡಿ ಮುಗಿಸಿದೆ. ನಾಲ್ಕೂ ಚಕ್ರಗಳ ಶೂಗಳಿಗೆ (ಚಕ್ರದೊಂದಿಗೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತುವ ಕಮಾನುಗಳಿಗೆ) ಹೊಸ ಲೈನಿಂಗ್, ಅಂದರೆ ಉಜ್ಜುವ ಪದರ, ಹಾಕಿಸಿದ್ದೇನೆ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರುಗಳು, ಪೆಡಲು ಒತ್ತಿದಾಗ ಬ್ರೇಕ್ ಫ್ಲೂಯಿಡನ್ನು ಅವುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರು, ಉಕ್ಕಿನ ಪೈಪುಗಳು ಮತ್ತು ಹೋಸ್‌ಗಳು ಎಲ್ಲವೂ ಹೊಸತು. ಎಡಬದಿಯ ಚಕ್ರಗಳ ನಟ್ಟುಗಳಿಗೆ ಉಲ್ಟಾ ಥ್ರೆಡ್ ಇರುತ್ತದೆಂಬುದು ತಿಳಿಯದೆ ಮೊದಲ ದಿನವೇ ಒಂದು ಬೋಲ್ಟನ್ನು ತುಂಡರಿಸಿದ್ದು ಬಿಟ್ಟರೆ ಕೆಲಸ ಸಲೀಸಾಗಿಯೇ ನಡೆಯಿತು.

ತೊಂದರೆ ಶುರುವಾದದ್ದು ರಸ್ತೆಗಿಳಿದ ಮೇಲೆ. ಅಂಗಳದಲ್ಲಿ ಕೈಯಿಂದ ತಳ್ಳಿದರೆ ಉರುಳುವ ಗಾಡಿ, ಇಂದ್ರಾಳಿಯ ಇಳಿಜಾರು ಇಳಿದು ಕಲ್ಸಂಕ ತಲುಪುವಷ್ಟರಲ್ಲಿ ಎರಡನೇ ಗೇರಿನಲ್ಲಿಯೂ ಎಳೆಯಲಾರದೆ ನಿಂತಿತು. ಡ್ರಮ್ಮುಗಳ ಮೇಲೆ ನೀರು ಚಿಮುಕಿಸಿದರೆ ಚುಯ್ ಎಂದು ಆವಿಯಾಗುತ್ತಿತ್ತು, ಪೆಡಲು ಕಲ್ಲಿನಂತೆ ಗಟ್ಟಿಯಾಗಿತ್ತು. ಮುಕ್ಕಾಲು ಗಂಟೆ ತಣಿಯಲು ಬಿಟ್ಟ ಮೇಲೆ ತಾನಾಗಿಯೇ ಸಡಿಲಾಯಿತು. ಇದು ಮೂರು ಬಾರಿ ಹೀಗೆಯೇ ಆಗಿದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ (ಮಂಗಳೂರು ಬಂದರಿನಿಂದ)

ಹೊಸ ಲೈನಿಂಗ್ ದಪ್ಪವಾಗಿರುವುದರಿಂದ ಶೂಗಳು ಡ್ರಮ್ಮಿಗೆ ತಾಗುತ್ತಿರಬೇಕು. ಶೂಗಳ ಅಂತರ ಹೊಂದಿಸುವ ಮೇಲಿನ ಕ್ಯಾಮುಗಳನ್ನು ತಿರುಗಿಸಿ ಶೂಗಳನ್ನು ಸ್ವಲ್ಪ ಒಳಗೆ ಸರಿಸಿರಿ. ಅದರಲ್ಲಿಯೂ ಸರಿಹೋಗದಿದ್ದರೆ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿರುವ ಚೆಕ್ ವಾಲ್ವ್ ತೆಗೆದುಬಿಡಬಹುದು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಹಾಗೆ ಮಾಡುವುದುಂಟು.

ಉತ್ತರ (ಸುರತ್ಕಲ್‌ನಿಂದ)

ಮೇಲಿನ ಮಿತ್ರರ ಎರಡೂ ಸಲಹೆಗಳನ್ನು ನಾನು ಒಪ್ಪಲಾರೆ. ಶೂ ಮಾತ್ರ ತಾಗುತ್ತಿದ್ದರೆ ಚಕ್ರ ಮೊದಲಿನಿಂದಲೇ ಬಿಗಿಯಾಗಿರಬೇಕಿತ್ತು, ಪೆಡಲು ಗಟ್ಟಿಯಾಗಲು ಕಾರಣವಿರಲಿಲ್ಲ. ಕ್ಯಾಮುಗಳನ್ನು ಸಡಿಲಿಸಿದರೆ ರೋಗ ಅಡಗಿ ಕೂರುತ್ತದೆಯೇ ಹೊರತು ಗುಣವಾಗುವುದಿಲ್ಲ, ಜೊತೆಗೆ ಪೆಡಲು ನೆಲಕ್ಕೆ ಹೋಗುವ ಇನ್ನೊಂದು ಕಷ್ಟ ಅಂಟಿಕೊಳ್ಳುತ್ತದೆ. ಚೆಕ್ ವಾಲ್ವ್ ಇರುವುದು ಪೈಪಿನಲ್ಲಿ ಅತ್ಯಲ್ಪ ಒತ್ತಡವನ್ನು ಉಳಿಸಿ, ವೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳ ಅಂಚು ಗೋಡೆಗೆ ಒತ್ತಿಕೊಂಡಿರುವಂತೆ ನೋಡಿಕೊಳ್ಳಲು. ಆ ಒತ್ತಡವನ್ನು ಶೂಗಳ ಸ್ಪ್ರಿಂಗುಗಳು ಸುಲಭವಾಗಿ ಮೀರುತ್ತವೆ. ವಾಲ್ವನ್ನು ತೆಗೆದರೆ ಕಪ್ಪಿನ ಅಂಚಿನಿಂದ ಗಾಳಿ ಒಳಸೇರುತ್ತದೆ.

ಊಹಿಸುವ ಬದಲು ಒಂದು ಪರೀಕ್ಷೆ ಮಾಡಿರಿ. ಗಾಡಿ ಜಾಮ್ ಆಗಿರುವಾಗಲೇ, ತಣಿಯಲು ಬಿಡದೆ, ಒಂದೊಂದೇ ಚಕ್ರವನ್ನು ಜ್ಯಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಕೈಯಿಂದ ತಿರುಗಿಸಿ ನೋಡಿ. ನಂತರ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪಿನ ನಟ್ಟನ್ನು ಕಾಲು ಸುತ್ತು ಸಡಿಲಿಸಿ. ಫ್ಲೂಯಿಡ್ ಚಿಮ್ಮಿ ಚಕ್ರಗಳು ಬಿಟ್ಟುಕೊಂಡರೆ ಒತ್ತಡ ಸಿಕ್ಕಿಬಿದ್ದಿರುವುದು ಮಾಸ್ಟರ್ ಸಿಲಿಂಡರಿನಲ್ಲಿ. ಅಲ್ಲಿ ಬಿಡದ ಚಕ್ರವೊಂದು ಅದರದೇ ಬ್ಲೀಡಿಂಗ್ ನಿಪ್ಪಲ್ (ಗಾಳಿ ತೆಗೆಯುವ ತಿರುಪು) ತೆರೆದಾಗ ಬಿಟ್ಟರೆ ದೋಷ ನಡುವಿನ ಹೋಸ್ ಅಥವಾ ಪೈಪಿನಲ್ಲಿ. ನಿಪ್ಪಲ್ ತೆರೆದರೂ ಬಿಡದಿದ್ದರೆ ಮಾತ್ರ ಶೂ, ಸ್ಪ್ರಿಂಗು, ಡ್ರಮ್ಮುಗಳ ಕಡೆ ನೋಡಬೇಕು.

ಒಂದು ಎಚ್ಚರಿಕೆ. ಈ ಜೀಪಿನ ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ) ಹಿಂದೆ, ಬಲವನ್ನು ಹಿಂಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಡ್ರಮ್ಮನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಎತ್ತಿದೊಡನೆ, ಎರಡು ಹಿಂಚಕ್ರಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಶಿಯಲ್‌ನಿಂದಾಗಿ ಆ ಚಕ್ರ ತಿರುಗಿ, ನೆಲದ ಮೇಲಿರುವುದು ಉರುಳಬಹುದು. ಚಕ್ರಗಳ ಹಿಂದೆ ಮುಂದೆ ಮುರಕಲ್ಲಿನ ತುಂಡನ್ನಿಟ್ಟೇ ಕೆಳಗೆ ಇಳಿಯಿರಿ.

ಇನ್ನೆರಡು ವಿಷಯ ತಿಳಿಸಿರಿ: ರಬ್ಬರುಗಳನ್ನು ಯಾವುದರಿಂದ ತೊಳೆದಿರಿ? ಪೆಡಲಿನಲ್ಲಿ ಫ್ರೀ ಪ್ಲೇ, ಅಂದರೆ ಏನನ್ನೂ ಒತ್ತದೆ ಅಲ್ಲಾಡುವ ಸಡಿಲ, ಎಷ್ಟಿದೆ?

ಪ್ರಶ್ನೆ ಕೇಳಿದವರು

ತಾವು ಹೇಳಿದಂತೆ ಮಾಡಿದೆ. ಮಾಸ್ಟರ್ ಸಿಲಿಂಡರಿನ ಬಳಿ ನಟ್ಟನ್ನು ಸಡಿಲಿಸಿದಾಗ ಫ್ಲೂಯಿಡ್ ಮುಖಕ್ಕೆ ಹಾರುವಷ್ಟು ಜೋರಾಗಿ ಚಿಮ್ಮಿತು. ಕನ್ನಡಕ ಇದ್ದುದರಿಂದ ಬಚಾವಾದೆ. ಆಗ ಮೂರು ಚಕ್ರಗಳು ಬಿಟ್ಟುಕೊಂಡವು. ಮುಂದಿನ ಎಡ ಚಕ್ರ ಮಾತ್ರ ಹಾಗೆಯೇ ಹಿಡಿದಿತ್ತು, ಅದರ ನಿಪ್ಪಲ್ ತೆರೆದ ಮೇಲೆ ಬಿಟ್ಟಿತು.

ರಬ್ಬರುಗಳಿಗೆ ಬ್ರೇಕ್ ಫ್ಲೂಯಿಡ್ ಬಿಟ್ಟು ಬೇರೇನನ್ನೂ ಸೋಕಿಸಿಲ್ಲ. ಫ್ರೀ ಪ್ಲೇ ವಿಷಯದಲ್ಲಿ ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿದೆ. ಜೋಡಿಸಿದ ಮೊದಲಿಗೆ ಪೆಡಲು ಸುಮಾರು ಒಂದು ಬೆರಳಿನಷ್ಟು ಏನನ್ನೂ ಒತ್ತದೆ ಅಲ್ಲಾಡುತ್ತಿತ್ತು. ಅದನ್ನು ದೋಷವೆಂದು ತಿಳಿದು, ಪೆಡಲಿನ ಮತ್ತು ಮಾಸ್ಟರ್ ಸಿಲಿಂಡರಿನ ನಡುವಿನ ರಾಡಿನ ಲಾಕ್ ನಟ್ಟನ್ನು ಬಿಚ್ಚಿ, ಪೆಡಲು ಸೋಕಿದೊಡನೆ ಹಿಡಿಯುವ ಹಾಗೆ ನಾನೇ ಉದ್ದ ಮಾಡಿದ್ದೆ.

ಉತ್ತರ (ಸುರತ್ಕಲ್‌ನಿಂದ)

ಹಾಗಿದ್ದರೆ ಇಲ್ಲಿ ದೋಷಗಳು ಎರಡಿವೆ.

ಮೊದಲನೆಯದು ತಾವು ತೆಗೆದ ಆ ಸಡಿಲ. ಮಾಸ್ಟರ್ ಸಿಲಿಂಡರಿನ ಮೇಲ್ಭಾಗದಲ್ಲಿ ಟ್ಯಾಂಕಿನಿಂದ ಸಿಲಿಂಡರಿಗೆ ಇಳಿಯುವ ಒಂದು ಸೂಜಿಮೊನೆಯಷ್ಟರ ರಂಧ್ರವಿದೆ. ಪಿಸ್ಟನ್ ಪೂರ್ತಿಯಾಗಿ ಹಿಂದಕ್ಕೆ ಸರಿದಾಗ ಮಾತ್ರ ಅದರ ಮುಂದಿರುವ ರಬ್ಬರ್ ಕಪ್ಪಿನ ಅಂಚು ಆ ರಂಧ್ರವನ್ನು ದಾಟಿ ಅದನ್ನು ತೆರೆದಿಡುತ್ತದೆ. ಆಗ ಬಿಸಿಯಿಂದ ಹಿಗ್ಗಿದ ಫ್ಲೂಯಿಡ್ ಟ್ಯಾಂಕಿಗೆ ಮರಳುತ್ತದೆ. ರಾಡು ಪಿಸ್ಟನ್ನನ್ನು ಒಂದು ಕೂದಲೆಳೆಯಷ್ಟು ಮುಂದೆ ಒತ್ತಿ ಹಿಡಿದರೂ ರಂಧ್ರ ಮುಚ್ಚುತ್ತದೆ. ಫ್ಲೂಯಿಡ್ ಹಿಗ್ಗಿದಷ್ಟೂ ಶೂ ಡ್ರಮ್ಮನ್ನು ಒತ್ತುತ್ತದೆ, ಒತ್ತಿದಷ್ಟೂ ಬಿಸಿಯೇರುತ್ತದೆ. ಇಂದ್ರಾಳಿಯಲ್ಲಿ ಶುರುವಾಗಿ ಕಲ್ಸಂಕದಲ್ಲಿ ಮುಗಿಯುವುದು ಇದೇ. ಈ ಜೀಪಿಗೆ ಪೆಡಲಿನ ಪಾದದಲ್ಲಿ ಅರ್ಧ ಇಂಚು ಸಡಿಲ ಇರಲೇಬೇಕು. ರಾಡನ್ನು ಅಷ್ಟಕ್ಕೆ ಸರಿಮಾಡಿ, ನಂತರ ಚಾಲಕನ ಕಾಲ ಬಳಿಯ ನೆಲದ ಮುಚ್ಚಳ ತೆಗೆದು, ಫ್ಲೂಯಿಡ್ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ಬೇರೊಬ್ಬರು ಪೆಡಲನ್ನು ಮೆಲ್ಲನೆ ಒತ್ತಿದ ಕ್ಷಣ ಫ್ಲೂಯಿಡ್‌ನ ಮೇಲೆ ಚಿಕ್ಕದೊಂದು ಬುಗ್ಗೆ ಏಳಬೇಕು. ಎದ್ದರೆ ರಂಧ್ರ ತೆರೆದಿದೆ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರವನ್ನೂ ನೋಡಿರಿ. ಗಾಡಿಗೆ ಬಣ್ಣ ಬಳಿದವರು ಹಸಿರು ಬಣ್ಣದಿಂದ ಅದನ್ನು ಮುಚ್ಚಿರುವುದನ್ನು ನಾನು ಕಂಡಿದ್ದೇನೆ.

ಎರಡನೆಯದು ಮುಂದಿನ ಎಡ ಹೋಸ್. ಒಳಗಿನ ರಬ್ಬರು ಉಬ್ಬಿ ಅಥವಾ ಪದರ ಬಿಟ್ಟು ಜೋತುಬಿದ್ದರೆ, ಪೆಡಲಿನ ಬಲ ಫ್ಲೂಯಿಡ್‌ಅನ್ನು ಚಕ್ರದ ಕಡೆಗೆ ತಳ್ಳುತ್ತದೆ, ಆದರೆ ಶೂ ಸ್ಪ್ರಿಂಗಿನ ಬಲ ಅದನ್ನು ಹಿಂದಕ್ಕೆ ತರಲು ಸಾಲದು. ಹೊರಗಿನಿಂದ ನೋಡಿದರೆ ಹೋಸ್ ಚಂದವೇ ಇರುತ್ತದೆ. ಹಳೆಯ ದಾಸ್ತಾನಿನಿಂದ ತಂದದ್ದಾಗಿದ್ದರೆ, ಪ್ಯಾಕೆಟು ಒಡೆಯದಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ.

ಹೋಸ್ ಬಿಚ್ಚಿದ ಮೇಲೆ ಹೇಗಿದ್ದರೂ ಗಾಳಿ ತೆಗೆಯಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಆರಂಭಿಸಿ: ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಟ್ಯಾಂಕು ಬರಿದಾಗದಂತೆ ಒಬ್ಬರು ನೋಡುತ್ತಿರಲಿ. ಡಾಟ್ 3 ಅಥವಾ ಡಾಟ್ 4 ದರ್ಜೆಯ ಫ್ಲೂಯಿಡ್ ಸಾಕು. ಸಿಲಿಕೋನಿನ ಡಾಟ್ 5 ಇವುಗಳೊಂದಿಗೆ ಬೆರೆಯದು. ಕರಾವಳಿಯ ತೇವಾಂಶದಲ್ಲಿ ತೆರೆದಿಟ್ಟ ಡಬ್ಬಿಯನ್ನು ಬಳಸಬೇಡಿ. ಈ ಫ್ಲೂಯಿಡ್ ಗಾಳಿಯ ನೀರನ್ನು ಹೀರುತ್ತದೆ. ಒಣಗಿದ್ದಾಗ ಡಾಟ್ 3ರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದಾಗ ಅದು 140ಕ್ಕೆ ಇಳಿಯಬಹುದು. ಈಗಾಗಲೇ ಮೂರು ಬಾರಿ ಬೆಂದ ಫ್ಲೂಯಿಡ್‌ಅನ್ನು ಪೂರ್ತಿ ಚೆಲ್ಲಿಬಿಡಿ.

ಡ್ರಮ್ಮು ತೆಗೆದಾಗ ಹಳೆಯ ದೂಳನ್ನು ಕಂಪ್ರೆಸರಿನಿಂದ ಊದಬೇಡಿ, ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಉದ್ದದ ಲೈನಿಂಗ್ ಇರುವ ಶೂ ಮುಂದಕ್ಕೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಉತ್ತರಿಸಿದ ಇಬ್ಬರಿಗೂ ಕೃತಜ್ಞತೆಗಳು. ರಾಡನ್ನು ಸರಿಮಾಡಿ, ಪೆಡಲಿಗೆ ಅಡಿಕೋಲು ಹಿಡಿದು ಅರ್ಧ ಇಂಚು ಸಡಿಲ ಕೊಟ್ಟೆ. ಮಗಳು ಪೆಡಲು ಒತ್ತಿದಳು. ಟಾರ್ಚಿನ ಬೆಳಕಿನಲ್ಲಿ ಅಕ್ಕಿಕಾಳಿನಷ್ಟರ ಬುಗ್ಗೆಯೊಂದು ಎದ್ದು ಅಡಗಿತು. ಮೊದಲಿನ ಅಳತೆಯಲ್ಲಿ ರಾಡನ್ನು ಮತ್ತೆ ಉದ್ದ ಮಾಡಿ ನೋಡಿದಾಗ ಅದು ಏಳಲಿಲ್ಲ.

ಎಡಗಡೆಯ ಹೋಸ್ ತಾವು ಊಹಿಸಿದಂತೆ ಹಳೆಯ ದಾಸ್ತಾನಿನದೇ. ಅದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ನಡುಭಾಗದಲ್ಲಿ ಒಳಪದರ ಬಿಟ್ಟು ನಾಲಗೆಯಂತೆ ಜೋತುಬಿದ್ದಿತ್ತು. ಒಂದು ಬದಿಯಿಂದ ಬಾಯಿಟ್ಟು ಊದಿದ್ದರೆ ಮೊದಲೇ ತಿಳಿಯುತ್ತಿತ್ತೇನೋ. ಬಲಗಡೆಯದೂ ಅದೇ ಕಟ್ಟಿನಿಂದ ಬಂದದ್ದಾದ ಕಾರಣ ಎರಡನ್ನೂ ಬದಲಿಸಿದೆ. ಡ್ರಮ್ಮು ಬಿಚ್ಚಿದ್ದಾಗ ಒಳಗೆ ಸೀಮೆಸುಣ್ಣ ಉಜ್ಜಿ ಶೂಗಳನ್ನು ತಿರುಗಿಸಿ ನೋಡಿದೆ; ಲೈನಿಂಗಿನ ನಡುಭಾಗಕ್ಕೆ ಮಾತ್ರ ಬಿಳಿ ಹತ್ತಿತು, ಅಂಚುಗಳು ಕಪ್ಪಾಗಿಯೇ ಉಳಿದವು. ಅಂಚೂ ತಾಗುವವರೆಗೆ ನಡುಭಾಗವನ್ನು ಅರದಿಂದ ಸ್ವಲ್ಪ ಸ್ವಲ್ಪವೇ ತೆಗೆದು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಕೆಳಗೆ ಐದು ಸಾವಿರಾಂಶ ಇಂಚು, ಮೇಲೆ ಎಂಟು ಸಾವಿರಾಂಶ ಇಂಚು ಅಂತರ ಬಿಟ್ಟೆ.

ಭಾನುವಾರ ಹೆಬ್ರಿಯ ಮೇಲಿಂದ ಸೋಮೇಶ್ವರಕ್ಕೆ ಹೋಗಿ ಆಗುಂಬೆ ಘಾಟಿ ಹತ್ತಿದೆ. ಇಳಿಯುವಾಗ ಹದಿನಾಲ್ಕು ತಿರುವುಗಳನ್ನೂ ಎರಡನೇ ಗೇರಿನಲ್ಲಿಯೇ, ಬ್ರೇಕಿಗೆ ಬಿಡುವು ಕೊಡುತ್ತಾ ಇಳಿದು, ಕೆಳಗೆ ನಿಲ್ಲಿಸಿ ನಾಲ್ಕೂ ಡ್ರಮ್ಮಿನ ಬಳಿ ಅಂಗೈ ಹಿಡಿದೆ. ಬಿಸಿ ಇತ್ತು, ಆದರೆ ನಾಲ್ಕರಲ್ಲೂ ಒಂದೇ ಸಮನಾಗಿತ್ತು. ಗೇರನ್ನು ನ್ಯೂಟ್ರಲ್ ಮಾಡಿ ತಳ್ಳಿದರೆ ಗಾಡಿ ಉರುಳಿತು.

ಹಿಂದಿನ ಹೋಸ್ ಇನ್ನೂ ಆ ಹಳೆಯ ಕಟ್ಟಿನದೇ ಇದೆ. ಮಳೆ ಹಿಡಿಯುವ ಮೊದಲು ಅದನ್ನೂ ಬದಲಿಸುತ್ತೇನೆ.