ಡಬ್ಲ್ಯುಎಸ್‌ಅಡ್ಮಿನ್: ಡೇಟಾಸೋರ್ಸ್‌ನಿಂದ ಅದರ ಯೂಸರ್ ಐಡಿಗೆ ಹೋಗುವುದು ಹೇಗೆ?

ಪ್ರಶ್ನೆ:

ನಮಸ್ಕಾರ ಎಲ್ಲರಿಗೂ. ವೆಬ್‌ಸ್ಫಿಯರ್ 8.5 (ಐಬಿಎಂನ ಅಪ್ಲಿಕೇಶನ್ ಸರ್ವರ್), ಅದರ ಕಮಾಂಡ್ ಉಪಕರಣ ಡಬ್ಲ್ಯುಎಸ್‌ಅಡ್ಮಿನ್‌ನಲ್ಲಿ ಓಡಿಸುವ ಜೈಥಾನ್ (ಜಾವಾ ಮೇಲೆ ಓಡುವ ಪೈಥಾನ್) ಸ್ಕ್ರಿಪ್ಟ್. ಶನಿವಾರ ರಾತ್ರಿ ಡೇಟಾಬೇಸ್‌ನ ಒಬ್ಬ ಯೂಸರ್‌ನ ಪಾಸ್‌ವರ್ಡ್ ಬದಲಾಗುತ್ತದೆ, ಅಷ್ಟರೊಳಗೆ ಯಾವ್ಯಾವ ಡೇಟಾಸೋರ್ಸ್ (ಡೇಟಾಬೇಸ್ ಸಂಪರ್ಕದ ಸೆಟ್ಟಿಂಗ್) ಆ ಯೂಸರ್‌ನನ್ನು ಬಳಸುತ್ತಿದೆ ಅಂತ ಪಟ್ಟಿ ಬೇಕು. 40 ಡೇಟಾಸೋರ್ಸ್ ಇವೆ, ಕನ್ಸೋಲ್‌ನಲ್ಲಿ ಒಂದೊಂದೇ ತೆರೆದು ನೋಡುವಷ್ಟು ಹೊತ್ತಿಲ್ಲ.

ಅಡ್ಮಿನ್‌ಕಾನ್ಫಿಗ್.ಲಿಸ್ಟ್ ಕರೆದು ಬಂದದ್ದನ್ನು ಸ್ಪ್ಲಿಟ್ ಮಾಡಿದೆ. ಕೆಲವಕ್ಕೆ ಸರಿಯಾಗಿ ಬರುತ್ತದೆ, ಕೆಲವಕ್ಕೆ ಎಕ್ಸೆಪ್ಶನ್. ಆಮೇಲೆ ಶೋ‌ಆಟ್ರಿಬ್ಯೂಟ್‌ನಿಂದ 'ಆಥ್‌ಡೇಟಾ‌ಅಲಿಯಾಸ್' (ಯೂಸರ್ ಐಡಿ, ಪಾಸ್‌ವರ್ಡ್ ಜೋಡಿಗೆ ಕೊಟ್ಟ ಹೆಸರು) ತೆಗೆದು, ಅದರ ಮೇಲೆ ಮತ್ತೆ ಶೋ‌ಆಟ್ರಿಬ್ಯೂಟ್ ಕರೆದು 'ಯೂಸರ್‌ಐಡಿ' ಕೇಳಿದರೆ ಒಂದಕ್ಕೂ ಬರುತ್ತಿಲ್ಲ. 'ಪ್ರೊವೈಡರ್' (ಡೇಟಾಬೇಸ್ ಡ್ರೈವರ್‌ನ ಸೆಟ್ಟಿಂಗ್) ಮಾತ್ರ ಇದೇ ದಾರಿಯಲ್ಲಿ ಚೆನ್ನಾಗಿ ಸಿಗುತ್ತದೆ!

ಉತ್ತರ:

ಎರಡು ಬೇರೆ ಬೇರೆ ತೊಂದರೆ ಇವೆ ಸರ್.

ಮೊದಲನೆಯದು ಸುಲಭ. ಲಿಸ್ಟ್ ಕೊಡುವುದು ಒಂದೇ ಉದ್ದದ ಸ್ಟ್ರಿಂಗ್, ಸಾಲಿಗೊಂದು ಐಡಿ. ಡೇಟಾಸೋರ್ಸ್ ಹೆಸರಿನ ನಡುವೆ ಜಾಗ ಬಿಟ್ಟಿದ್ದರೆ ಸುಮ್ನೆ ಸ್ಪ್ಲಿಟ್ ಮಾಡಿದಾಗ ಐಡಿಯೇ ತುಂಡಾಗುತ್ತದೆ. ಸ್ಪ್ಲಿಟ್‌ಲೈನ್ಸ್ ಬಳಸಿ.

ಎರಡನೆಯದಕ್ಕೆ ಅಡ್ಮಿನ್‌ಕಾನ್ಫಿಗ್.ಆಟ್ರಿಬ್ಯೂಟ್ಸ್('ಡೇಟಾಸೋರ್ಸ್') ಓಡಿಸಿ ನೋಡಿ. ಪ್ರೊವೈಡರ್ ಸಾಲಿನ ಕೊನೆಗೆ @ ಗುರುತು ಇರುತ್ತದೆ, ಅಂದರೆ ಅದು ಇನ್ನೊಂದು ಆಬ್ಜೆಕ್ಟ್‌ಗೆ ಕೊಂಡಿ, ಹಿಡಿದು ಮುಂದೆ ಹೋಗಬಹುದು. ಅಲಿಯಾಸ್ ಮುಂದೆ ಬರೀ ಸ್ಟ್ರಿಂಗ್ ಅಂತ ಇದೆ. ಅದು ಹೆಸರು ಅಷ್ಟೇ, ಕೊಂಡಿ ಅಲ್ಲ. ಅಸಲಿ ಆಬ್ಜೆಕ್ಟ್ ಸೆಕ್ಯೂರಿಟಿ ಫೈಲಿನಲ್ಲಿದೆ, ಟೈಪ್ 'ಜಾಸ್‌ಆಥ್‌ಡೇಟಾ'. ಆ ಟೈಪನ್ನು ಒಂದು ಸಲ ಲಿಸ್ಟ್ ಮಾಡಿ, ಅಲಿಯಾಸ್‌ನಿಂದ ಯೂಸರ್‌ಐಡಿಗೆ ಒಂದು ಡಿಕ್ಷನರಿ ಕಟ್ಟಿಕೊಳ್ಳಿ, ಆಮೇಲೆ ಡೇಟಾಸೋರ್ಸ್ ಲೂಪಿನಲ್ಲಿ ಹೆಸರು ಹೊಂದಿಸಿದರೆ ಸಾಕು. 8.5ರಲ್ಲಿ ಮಾಮೂಲಾಗಿ ಬರುವುದು ಜೈಥಾನ್ 2.1, ಅಲ್ವಾ? ಡಿಕ್ಷನರಿಯಲ್ಲಿ ಕೀ ಇದೆಯಾ ಅಂತ 'ಇನ್' ಹಾಕಿ ಕೇಳಬೇಡಿ, ಈ ಹಳೇ ಆವೃತ್ತಿಯಲ್ಲಿ ಅದು ನಡೆಯುವುದಿಲ್ಲ, ಗೆಟ್ ಬಳಸಿ.

ಮತ್ತೆ ಪ್ರಶ್ನೆ:

ತುಂಬಾ ಉಪಕಾರ ಸರ್. 34 ಸಿಕ್ಕವು. ಉಳಿದ 6ರಲ್ಲಿ ಅಲಿಯಾಸ್ ಖಾಲಿ ಇದೆ, ಆದರೆ ಕನೆಕ್ಷನ್ ಟೆಸ್ಟ್ ಪಾಸಾಗುತ್ತಿದೆ.

ಉತ್ತರ:

ನೀವು ನೋಡಿದ್ದು ಕಾಂಪೊನೆಂಟ್ ಅಲಿಯಾಸ್ (ಅಪ್ಲಿಕೇಶನ್ ತಾನೇ ಲಾಗಿನ್ ನೋಡಿಕೊಳ್ಳುವಾಗ ಬಳಸುವುದು) ಮಾತ್ರ. ಕಂಟೈನರ್ ಅಲಿಯಾಸ್ (ಸರ್ವರ್ ಲಾಗಿನ್ ಮಾಡಿಕೊಡುವಾಗ ಬಳಸುವುದು) ಬೇರೆ ಕಡೆ ಇರುತ್ತದೆ. 'ಮ್ಯಾಪಿಂಗ್' ತೆಗೆಯಿರಿ, ಖಾಲಿ ಇಲ್ಲದಿದ್ದರೆ ಅದರೊಳಗೆ ಇನ್ನೊಂದು ಆಥ್‌ಡೇಟಾ‌ಅಲಿಯಾಸ್ ಇದೆ. 'ಎಕ್ಸ್‌ಎ‌ರಿಕವರಿ‌ಆಥ್‌ಅಲಿಯಾಸ್' (ಹಲವು ಡೇಟಾಬೇಸ್‌ಗಳಿಗೆ ಹರಡಿದ ಟ್ರಾನ್ಸಾಕ್ಷನ್‌ನ ಚೇತರಿಕೆಗೆ ಬಳಸುವ ಅಲಿಯಾಸ್) ಕೂಡ ದಯವಿಟ್ಟು ಬಿಡಬೇಡಿ. ಅದರಲ್ಲಿ ಹಳೇ ಪಾಸ್‌ವರ್ಡ್ ಉಳಿದರೆ ದಿನನಿತ್ಯ ಏನೂ ಗೊತ್ತಾಗುವುದಿಲ್ಲ, ಸರ್ವರ್ ಬಿದ್ದು ಮೇಲೆದ್ದು ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್ ಮುಗಿಸಲು ಹೋದಾಗಲೇ ಕೈಕೊಡುತ್ತದೆ.

ಮತ್ತೆ, ಒಂದೇ ಡೇಟಾಸೋರ್ಸ್ ಹೆಸರು ಎರಡು ಸಲ ಕಂಡರೆ ಗಾಬರಿ ಬೇಡ. ಐಡಿಯ ಆವರಣದೊಳಗಿನ ದಾರಿ ಓದಿ, ಒಂದು ಕ್ಲಸ್ಟರ್‌ನದು (ಸರ್ವರ್‌ಗಳ ಗುಂಪು), ಇನ್ನೊಂದು ನೋಡ್‌ನದು (ಒಂದು ಯಂತ್ರ) ಇರಬಹುದು.

ಪ್ರಶ್ನೆ ಕೇಳಿದವರು:

40ಕ್ಕೆ 40 ಸಿಕ್ಕಿತು. ಆ ಯೂಸರ್ 11 ಕಡೆ ಇದ್ದಾನೆ, ಅದರಲ್ಲಿ ಒಂದು ಬರೀ ಎಕ್ಸ್‌ಎ ರಿಕವರಿಯಲ್ಲಿ. ನೀವು ಹೇಳದಿದ್ದರೆ ಅದನ್ನು ಖಂಡಿತ ಬಿಟ್ಟುಬಿಡುತ್ತಿದ್ದೆ ಸರ್.